ಅಡ್ಡಬಿಲ್ಲಿನ ಬೇಟೆಯೂ ಹೊಲದ ಕಾವಲೂ

ಕುರೆಕುಪ್ಪ, ತೋರಣಗಲ್ಲು, ದರೋಜಿ ಮತ್ತು ಸುತ್ತಣ ಗ್ರಾಮಗಳ ಹೊಲದೊಡೆಯರಿಗೂ ಮುಖಂಡರಿಗೂ ತಿಳಿವಳಿಕೆ

ಸಂಡೂರು ತಾಲ್ಲೂಕಿನ ಕುರೆಕುಪ್ಪವು ಉಕ್ಕಿನ ಕಾರ್ಖಾನೆಯ ನೆರೆಯಲ್ಲಿ ಪುರಸಭೆಯಾಗಿ ಬೆಳೆದಿರುವುದಾದರೂ, ಅದರ ಸುತ್ತಣ ಹೊಲಗಳಲ್ಲಿ ಜೋಳ, ಸಜ್ಜೆ, ಶೇಂಗಾ, ಕಡಲೆ ಮುಂತಾದ ಬೆಳೆಗಳ ಬೇಸಾಯವು ನಿಂತಿಲ್ಲ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಬಿತ್ತಿದ ಬೀಜ ಮೊಳೆತು ಮೇಲೇಳುವುದೇ ಕಷ್ಟ. ಎದ್ದ ಮೊಳಕೆಯನ್ನು ರಾತ್ರಿ ಮೊಲವು ಕತ್ತರಿಸಿದರೆ, ಹಗಲು ಗೌಜುಗಗಳು ಬಿತ್ತಿದ ಸಾಲನ್ನು ಕೆದರಿದರೆ, ಬೇಸಾಯಗಾರನಿಗೆ ಸಿಟ್ಟು ಬರುವುದು ಸಹಜವೇ ಸರಿ. ಕಾರ್ಖಾನೆಗಳಲ್ಲಿ ತಯಾರಾದ ಅಡ್ಡಬಿಲ್ಲುಗಳನ್ನು ಈಚೆಗೆ ದೂರದ ಅಂಗಡಿಗಳಿಂದ ತರಿಸಿಕೊಳ್ಳಬಹುದಾಗಿರುವುದರಿಂದ, ಬಂದೂಕಿನ ಪರವಾನಗಿಯೂ ಬೇಡ, ಸದ್ದೂ ಇಲ್ಲ, ಬೆಳೆಯೂ ಉಳಿಯುವುದು, ಸಾರಿಗೂ ಆಗುವುದು ಎಂಬ ಎಣಿಕೆ ಕೆಲವರಿಗೆ ಹುಟ್ಟಬಹುದು. ಈ ಎಣಿಕೆಯು ಎಲ್ಲೆಲ್ಲಿ ತಪ್ಪುತ್ತದೆಂಬುದನ್ನು ಮೊದಲು ತಿಳಿಸಿ, ಹೊಲವನ್ನು ಕಾಯುವ ಉಪಾಯಗಳನ್ನು ಅನಂತರ ಹೇಳಲಾಗುವುದು.

ಅಡ್ಡಬಿಲ್ಲೆಂದರೆ ಮರದ ದಿಂಡೊಂದರ ತುದಿಗೆ ಅಡ್ಡಲಾಗಿ ಕೂಡಿಸಿದ ಗಿಡ್ಡ ಬಿಲ್ಲು. ಹೆದೆಯನ್ನು ಎಳೆದು ದಿಂಡಿನ ಮೇಲಿನ ಕಚ್ಚಿಗೆ ಸಿಕ್ಕಿಸಿ, ಮುಂದಿನ ಕಾಲುವೆಯಲ್ಲಿ ಸುಮಾರು ಮೊಳದುದ್ದದ ಬಾಣವನ್ನಿಟ್ಟು, ಬಂದೂಕಿನಂತೆ ಕುದುರೆಯನ್ನು ಎಳೆದರೆ ಬಾಣ ಹಾರುತ್ತದೆ. ಎಳೆದ ಹೆದೆಯನ್ನು ಕೈ ಹಿಡಿದುಕೊಂಡಿರಬೇಕಾಗಿಲ್ಲವೆಂಬುದೇ ಇದರ ಅನುಕೂಲ. ಚೀನ ದೇಶದಲ್ಲಿ ಕ್ರಿಸ್ತಶಕಕ್ಕೆ ಹಿಂದೆಯೇ ಇದು ಬಳಕೆಯಲ್ಲಿತ್ತು. ಯೂರೋಪಿನಲ್ಲಿ 1139ರಲ್ಲಿ ನೆರೆದ ಲ್ಯಾಟರನ್ ಧರ್ಮಸಭೆಯು ಕ್ರೈಸ್ತರ ಮೇಲೆ ಇದನ್ನು ಪ್ರಯೋಗಿಸಕೂಡದೆಂದು ನಿಷೇಧಿಸಿತು. ನಮ್ಮ ದೇಶದಲ್ಲಿ ಅಡ್ಡಬಿಲ್ಲು ಮನೆಮಾತಾಗಿದ್ದ ಸ್ಥಳಗಳಲ್ಲಿ ನಿಕೋಬಾರ್ ದ್ವೀಪಗಳೂ ಸೇರಿವೆ. ಅಲ್ಲಿನವರು ಹಕ್ಕಿ ಹೊಡೆಯಲು ಇದನ್ನು ಬಳಸುತ್ತ ಬಂದವರು.

ತುಂಗಭದ್ರೆಯ ಈ ದಂಡೆಯಲ್ಲಿ ಹಾಗಿರಲಿಲ್ಲ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಪಟ್ಟಿಕೆಗಳಲ್ಲಿ ಬೇಟೆಯ ಚಿತ್ರಗಳು ಬೇಕಾದಷ್ಟಿವೆ. ಅಲ್ಲಿ ಜಿಂಕೆಯೂ ಹಂದಿಯೂ ಕಾಣಬರುತ್ತವೆ. ಸಣ್ಣ ಬೇಟೆಯ ವಿಷಯಕ್ಕೆ ಬೇರೊಂದು ಸಾಕ್ಷ್ಯವುಂಟು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಎಂಬಾತನು ಅಲ್ಲಿನ ಪೇಟೆಯಲ್ಲಿ ಗೌಜುಗ, ಲಾವಕ್ಕಿ, ಮೊಲ ಮುಂತಾದವುಗಳು ಹೇರಳವಾಗಿಯೂ ಅಗ್ಗವಾಗಿಯೂ ಜೀವಸಹಿತ ಮಾರಾಟವಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಜೀವಸಹಿತ ಎಂಬ ಮಾತನ್ನು ಗಮನಿಸಬೇಕು. ಬಾಣ ತಗುಲಿದ ಮೊಲವು ಜೀವದಿಂದ ಪೇಟೆಗೆ ಬರಲಾರದು. ಆದುದರಿಂದ ಸಣ್ಣ ಪ್ರಾಣಿಗಳನ್ನು ಬಲೆಯಿಂದಲೂ ಉರುಳಿನಿಂದಲೂ ಹಿಡಿಯುತ್ತಿದ್ದರೆಂದು ಊಹಿಸಬಹುದು. ಬಿಲ್ವಿದ್ಯೆಗೆ ಹೆಸರಾದ ಈ ಸೀಮೆಯ ಜನರೂ ಮೊಲಕ್ಕೆ ಬಾಣವನ್ನು ನೆಚ್ಚಿಕೊಳ್ಳದೆ ಇದ್ದುದಕ್ಕೆ ಕಾರಣವಿರಬೇಕಷ್ಟೆ.

ಆ ಕಾರಣವು ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಒಳ್ಳೆಯ ಅಡ್ಡಬಿಲ್ಲಿನ ಬಾಣವು ಸೆಕೆಂಡಿಗೆ ಸುಮಾರು 90 ಮೀಟರು ವೇಗದಲ್ಲಿ ಹೊರಡುತ್ತದೆಂದು ಇಟ್ಟುಕೊಳ್ಳೋಣ. 40 ಮೀಟರು ದೂರದ ಮೊಲವನ್ನು ತಲುಪಲು ಅದಕ್ಕೆ ಅರ್ಧ ಸೆಕೆಂಡಿಗೆ ಸ್ವಲ್ಪ ಕಡಿಮೆ ಕಾಲ ಬೇಕು. ಹೆದೆ ಬಡಿದ ಸದ್ದಾದರೋ ಸೆಕೆಂಡಿಗೆ 340 ಮೀಟರಿನಂತೆ ಓಡಿ, ಬಾಣಕ್ಕಿಂತ ಮೂರನೆಯ ಒಂದು ಸೆಕೆಂಡಿನಷ್ಟು ಮೊದಲೇ ಮೊಲದ ಕಿವಿಯನ್ನು ಸೇರುತ್ತದೆ. ಮೊಲದ ಕಿವಿ ಯಾವ ಕೆಲಸಕ್ಕಾಗಿ ಅಷ್ಟುದ್ದ ಬೆಳೆದಿದೆಯೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಬಾಣವು ಬರುವ ವೇಳೆಗೆ ಅದು ಕುಪ್ಪಳಿಸಿರುತ್ತದೆ. ಎದೆಗೆ ಗುರಿಯಿಟ್ಟ ಬಾಣವು ಹಿಂಗಾಲಿಗೋ ಹೊಟ್ಟೆಗೋ ನೆಡುತ್ತದೆ.

ಇನ್ನು ದೂರದ ಅಂದಾಜು. ಬಾಣವು ಹಾರುತ್ತ ಹಾರುತ್ತ ಭೂಮಿಯ ಕಡೆಗೆ ಬೀಳುತ್ತ ಹೋಗುತ್ತದೆ. ಮೇಲೆ ಹೇಳಿದ ವೇಗದಲ್ಲಿ 20 ಮೀಟರಿಗೆ ಅದು ಒಂದು ಗೇಣಿನಷ್ಟು ಇಳಿದರೆ, 40 ಮೀಟರಿಗೆ ಒಂದು ಗಜಕ್ಕಿಂತ ತುಸು ಹೆಚ್ಚು ಇಳಿಯುತ್ತದೆ. 45 ಮೀಟರು ದೂರದಲ್ಲಿರುವ ಮೊಲವನ್ನು 40 ಮೀಟರಿನಲ್ಲಿದೆಯೆಂದು ಎಣಿಸಿ ಹೊಡೆದರೆ, ಬಾಣವು ಎಣಿಸಿದ್ದಕ್ಕಿಂತ ಇನ್ನೊಂದು ಗೇಣು ಕೆಳಗೆ ಬೀಳುವುದು. ಮೊಲದ ಮರ್ಮಸ್ಥಾನವು ಅಂಗೈಯಗಲಕ್ಕಿಂತ ದೊಡ್ಡದಲ್ಲ. ಮುಸ್ಸಂಜೆಯ ಬೆಳಕಿನಲ್ಲಿ, ಮಟ್ಟಸವಾದ ಎರೆಹೊಲದಲ್ಲಿ, ಐದು ಮೀಟರು ಹೆಚ್ಚುಕಡಿಮೆಯಿಲ್ಲದೆ ದೂರವನ್ನು ಹೇಳಬಲ್ಲವನು ಅಪರೂಪ. ಒಂದು ಬಾಣ ತಪ್ಪಿದ ಮೇಲೆ ಬಿಲ್ಲಿನ ಮೂತಿಯನ್ನು ನೆಲಕ್ಕೆ ಊರಿ, ಕಾಲಿನಿಂದ ಮೆಟ್ಟಿ, ಎರಡೂ ಕೈಗಳಿಂದ ಹೆದೆಯನ್ನು ಎಳೆಯುವಷ್ಟರಲ್ಲಿ ಮೊಲವು ಮುಂದಿನ ಸರ್ವೆ ನಂಬರನ್ನು ದಾಟಿರುತ್ತದೆ. ಗಾಯಗೊಂಡ ಪ್ರಾಣಿಯಾದರೋ ಜಾಲಿಯ ಪೊದೆಯಲ್ಲಿ ನುಸುಳಿ ಎರಡು ಮೂರು ದಿನ ನರಳಿ ಸಾಯುತ್ತದೆ. ಅದರಿಂದ ಸಾರೂ ಇಲ್ಲ, ಬೆಳೆಗೆ ಕಾವಲೂ ಇಲ್ಲ.

ತಪ್ಪಿದ ಬಾಣವು ಎಲ್ಲಿಯೋ ಒಂದು ಕಡೆ ಬೀಳಲೇಬೇಕು. ನಿಂತ ಜೋಳದ ಆಚೆಗೆ ಕಳೆ ಕೀಳುವ ಹೆಂಗಸರು ಇರುತ್ತಾರೆ, ಕುರಿಯವರು ಇರುತ್ತಾರೆ. ಬೆಳೆ ಆಳೆತ್ತರ ಬೆಳೆದ ಮೇಲೆ ಅವರು ಬಿಲ್ಲು ಹಿಡಿದವನಿಗೆ ಕಾಣುವುದಿಲ್ಲ, ಬಿಲ್ಲಿನ ಸದ್ದು ಅವರಿಗೆ ಎಚ್ಚರಿಕೆ ಕೊಡುವುದೂ ಇಲ್ಲ. ಮುರಿದ ಬಾಣದ ಉಕ್ಕಿನ ಅಲಗು ಸೊಪ್ಪೆಯಲ್ಲಿ ಸೇರಿಕೊಂಡರೆ ಮತ್ತೊಂದು ಅನಾಹುತ. ದನವು ಮೇವನ್ನು ಸರಿಯಾಗಿ ಅಗಿಯದೆ ನುಂಗುವ ಪ್ರಾಣಿ. ನುಂಗಿದ ಕಬ್ಬಿಣದ ಚೂರು ಎರಡನೆಯ ಹೊಟ್ಟೆಯಲ್ಲಿ ನಿಂತು, ಅದರ ಗೋಡೆಯನ್ನು ಚುಚ್ಚಿ, ಮುಂದೆ ಹೃದಯದ ಚೀಲವನ್ನೂ ತಾಗಬಹುದು. ಎತ್ತು ಮೇವು ಬಿಟ್ಟು, ಬೆನ್ನು ಬಿಲ್ಲಾಗಿಸಿ, ಮೊಳಕೈಗಳನ್ನು ಹೊರಕ್ಕೆ ಚಾಚಿ ನಿಂತರೆ ಪಶುವೈದ್ಯರಿಗೆ ಮೊದಲು ಹೊಳೆಯುವ ಸಂದೇಹಗಳಲ್ಲಿ ಇದೊಂದು.

ಕಾನೂನಿನ ಸಂಗತಿಯನ್ನು ಮುಖಂಡರು ವಿಶೇಷವಾಗಿ ಲಕ್ಷ್ಯದಲ್ಲಿಡತಕ್ಕದ್ದು. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಆಯುಧವೆಂಬ ಪದದ ಅರ್ಥವಿವರಣೆಯೊಳಗೆ ಬಿಲ್ಲುಬಾಣಗಳು ಹೆಸರಿನಿಂದಲೇ ಸೇರಿವೆ. ಬಲೆ, ಉರುಳು, ವಿಷಗಳೂ ಸೇರಿವೆ. ಆದುದರಿಂದ ಬಂದೂಕಲ್ಲವೆಂಬ ಸಮಾಧಾನಕ್ಕೆ ಆಧಾರವಿಲ್ಲ. ಬೇಟೆಯೆಂದರೆ ಕೊಂದದ್ದು ಮಾತ್ರವಲ್ಲ. ಕೊಲ್ಲುವುದಕ್ಕಾಗಿ ಪ್ರಾಣಿಯನ್ನು ಸೋವಿ ಓಡಿಸುವುದೂ, ಕೊಲ್ಲಲು ಯತ್ನಿಸುವುದೂ ಬೇಟೆಯೇ. 2022ರ ತಿದ್ದುಪಡಿಯು 1 ಏಪ್ರಿಲ್ 2023ರಿಂದ ಜಾರಿಗೆ ಬಂದ ಮೇಲೆ ಸಾಮಾನ್ಯ ಶಿಕ್ಷೆಯು ಮೂರು ವರ್ಷಗಳವರೆಗಿನ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡೂ ಆಗಿರುತ್ತದೆ. ಮೊದಲನೆಯ ಪಟ್ಟಿಯ ಪ್ರಾಣಿಯಾದರೆ, ಅಥವಾ ಬೇಟೆಯು ಅಭಯಾರಣ್ಯದೊಳಗೆ ನಡೆದಿದ್ದರೆ, ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷಗಳವರೆಗೆ ಸೆರೆವಾಸವೂ 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡವೂ ಉಂಟು. ಬೇಟೆಗೆ ಬಳಸಿ ವಶಪಡಿಸಿಕೊಳ್ಳಲ್ಪಟ್ಟ ಆಯುಧವೂ ವಾಹನವೂ ಸರ್ಕಾರದ ಸ್ವತ್ತಾಗುತ್ತವೆ. ಒಂದು ಮೊಲಕ್ಕಾಗಿ ಮೋಟಾರು ಸೈಕಲ್ಲನ್ನು ಕಳೆದುಕೊಳ್ಳುವುದು ಲಾಭದ ವ್ಯವಹಾರವಲ್ಲ.

ಅಭಯಾರಣ್ಯದ ಮಾತು ಈ ಗ್ರಾಮಗಳಿಗೆ ದೂರದ್ದಲ್ಲ. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮವು ನೆರೆಯಲ್ಲಿಯೇ ಇದೆ. ಕರಡಿಯೂ ಚಿರತೆಯೂ ನವಿಲೂ ಮೊದಲನೆಯ ಪಟ್ಟಿಯಲ್ಲಿವೆ. ಬೇಲಿಯ ಕಂಡಿಯಲ್ಲಿ ಮೊಲಕ್ಕೆಂದು ಒಡ್ಡಿದ ತಂತಿಯ ಉರುಳಿಗೆ ಕಣ್ಣಿಲ್ಲ; ರಾತ್ರಿ ಆ ಕಂಡಿಯಿಂದ ಹಾಯುವ ಚಿರತೆಯ ಸೊಂಟಕ್ಕೂ ಅದು ಬಿಗಿಯಬಹುದು. ಆಗ ಮೊಲಕ್ಕೆಂದು ಒಡ್ಡಿದ್ದೆಂಬ ಹೇಳಿಕೆಯಿಂದ ಪಾರಾಗಲಾಗದು, ಏಕೆಂದರೆ ಆ ಹೇಳಿಕೆಯೇ ಒಂದು ಅಪರಾಧದ ಒಪ್ಪಿಗೆ. ವಿದ್ಯುತ್ತಿನ ತಂತಿಯನ್ನು ನೇರವಾಗಿ ಬೇಲಿಗೆ ಹರಿಸುವುದು ಇದಕ್ಕಿಂತ ಕೇಡು. ನೀರು ಕಟ್ಟಲು ಹೋದ ನೆರೆಹೊರೆಯವನ ಪ್ರಾಣವೇ ಹೋಗಬಹುದು.

ತುಂಗಭದ್ರೆಯ ಎರಡೂ ದಂಡೆಗಳ ಕೆಲವು ಊರುಗಳಲ್ಲಿ ಯುಗಾದಿಯ ಕಾಲಕ್ಕೆ ಊರವರು ಕೂಡಿ ಮೊಲದ ಬೇಟೆಗೆ ಹೊರಡುವ ವಾಡಿಕೆಯಿರುವುದು ಬಲ್ಲವರಿಗೆ ತಿಳಿದೇ ಇದೆ. ಹಿರಿಯರಿಂದ ಬಂದ ಆಚಾರವೆಂಬ ಗೌರವ ಅದಕ್ಕೆ ಇರಬಹುದಾದರೂ ಕಾನೂನು ಹಬ್ಬಕ್ಕೆ ವಿನಾಯಿತಿಯನ್ನು ಕೊಟ್ಟಿಲ್ಲ. ಕಾಯಿದೆಯ 65ನೆಯ ಪ್ರಕರಣವು ಬೇಟೆಯ ಹಕ್ಕನ್ನು ಉಳಿಸಿರುವುದು ನಿಕೋಬಾರ್ ದ್ವೀಪಗಳ ಪರಿಶಿಷ್ಟ ಪಂಗಡಗಳವರಿಗೆ. ಅಡ್ಡಬಿಲ್ಲು ಯಾರದಾಗಿತ್ತೋ ಅವರಿಗೇ ಆ ಹಕ್ಕೂ ಉಳಿದಿರುವುದು ಒಂದು ವಿನೋದ. ಕುರೆಕುಪ್ಪದಲ್ಲಿ ಅದು ನಡೆಯದು. ಗುಂಪಿನ ಬೇಟೆಯಲ್ಲಿ ತಮಟೆ ಬಡಿದು ಸೋವಿದ ಹುಡುಗರೂ ಬೇಟೆಗಾರರೆನಿಸುವರಾದ್ದರಿಂದ, ಹುಡುಗರ ಮುಂದಿನ ಓದು, ನೌಕರಿಗಳನ್ನು ನೆನೆದಾದರೂ ಮುಖಂಡರು ಅವರನ್ನು ಹೊರಡದಂತೆ ತಡೆಯುವುದು ಒಳ್ಳೆಯದು.

ಇನ್ನು ಹೊಲದ ಕಾವಲು. ನಷ್ಟ ಮಾಡಿದ್ದು ಯಾರೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಇಲಿಯ ಪಾಪ ಎಷ್ಟೋ ವೇಳೆ ಮೊಲದ ತಲೆಗೆ ಬರುತ್ತದೆ. ಮೊಲವು ಕಡಿದ ದಂಟು ಕುಡುಗೋಲಿನಿಂದ ಕೊಯ್ದಂತೆ ಓರೆಯಾಗಿ, ನುಣುಪಾಗಿ ಇರುತ್ತದೆ. ಹತ್ತಿರದಲ್ಲಿ ಗೋಲಿಯಂತಹ ಒಣ ಹಿಕ್ಕೆ ಬಿದ್ದಿರುತ್ತದೆ. ಇಲಿಯ ಕಡಿತವು ಕೊರೆದು ಬಿಟ್ಟಂತಿದ್ದು, ಬದುವಿನಲ್ಲಿ ಬಿಲವೂ ಬಿಲದ ಮುಂದೆ ಹೊಸ ಮಣ್ಣೂ ಕಾಣುತ್ತವೆ. ನಮ್ಮ ಮೊಲ ಬಿಲ ತೋಡುವುದಿಲ್ಲ. ಹುಲ್ಲಿನಲ್ಲೋ ಪೊದೆಯ ಬುಡದಲ್ಲೋ ಮೈಯಷ್ಟೇ ತಗ್ಗು ಮಾಡಿಕೊಂಡು ಹಗಲೆಲ್ಲ ಮಲಗಿರುತ್ತದೆ. ನೆಲವನ್ನು ಉತ್ತಂತೆ ಎಬ್ಬಿಸಿದ್ದರೆ ಅದು ಹಂದಿಯ ಕೆಲಸ. ಗೌಜುಗದ ವಿಷಯದಲ್ಲಿ ಸ್ವಲ್ಪ ನ್ಯಾಯವಾಗಿ ನಡೆದುಕೊಳ್ಳಬೇಕು. ಬಿತ್ತಿದ ವಾರದಲ್ಲಿ ಅದು ಕಾಳು ಹೆಕ್ಕುವುದು ನಿಜ. ವರ್ಷದ ಉಳಿದ ದಿನಗಳಲ್ಲಿ ಗೆದ್ದಲನ್ನೂ ಹುಳುಗಳನ್ನೂ ತಿನ್ನುವುದೂ ಅಷ್ಟೇ ನಿಜ.

ಮೊಲಕ್ಕೆ ಹಗಲಿನ ಮರೆಯನ್ನು ಒದಗಿಸಿಕೊಟ್ಟವರು ಬಹುಮಟ್ಟಿಗೆ ಹೊಲದವರೇ. ಬದುಗಳ ಮೇಲೆಯೂ ಬೀಳುಭೂಮಿಯಲ್ಲಿಯೂ ಹಬ್ಬಿರುವ ಬಳ್ಳಾರಿ ಜಾಲಿಯ ಪೊದೆಯೇ ಮೊಲಕ್ಕೂ ಹಂದಿಗೂ ಮನೆ. ಬಿತ್ತನೆಗೆ ಮೊದಲು ಬದುವಿನ ಜಾಲಿಯನ್ನು ಬೇರುಸಹಿತ ಕಿತ್ತು, ಪೊದೆಗೂ ಬೆಳೆಗೂ ನಡುವೆ ಐದಾರು ಗಜ ಅಗಲದ ಬರಿಯ ನೆಲವನ್ನು ಕುಂಟೆ ಹೊಡೆದು ಚೊಕ್ಕಟವಾಗಿಟ್ಟರೆ, ಮೊಲವು ಆ ಬಯಲನ್ನು ದಾಟಲು ಅಳುಕುತ್ತದೆ; ಬಂದರೂ ಹೆಜ್ಜೆ ಮೂಡಿ ಬಂದ ದಾರಿ ತಿಳಿಯುತ್ತದೆ. ಕಡಿದ ಜಾಲಿಯ ಮುಳ್ಳನ್ನೇ ಬೇಲಿಗೆ ಒಟ್ಟಬಹುದು, ಆದರೆ ಬುಡದಲ್ಲಿ ಸಂದಿಲ್ಲದಂತೆ ಒಟ್ಟಬೇಕು. ಮೇಲೆ ಎತ್ತರವಾಗಿ, ಕೆಳಗೆ ಗೇಣುದ್ದ ತೆರವಾಗಿ ಕಟ್ಟಿದ ಬೇಲಿಗಳು ಸರ್ವತ್ರ ಕಾಣಬರುತ್ತವೆ. ಅವು ದನವನ್ನು ತಡೆಯಬಲ್ಲವು, ಮೊಲವನ್ನಲ್ಲ. ತರಕಾರಿಯಂತಹ ಬೆಲೆಬಾಳುವ ಬೆಳೆಗೆ ಎರಡಂಗುಲಕ್ಕೆ ಮೀರದ ಕಣ್ಣಿನ ತಂತಿಬಲೆಯನ್ನು ಎರಡು ಮೊಳ ಎತ್ತರಕ್ಕೆ ಕಟ್ಟಿ, ಕೆಳ ಅಂಚನ್ನು ಹೊರಮುಖವಾಗಿ ಮಡಿಸಿ ಅರ್ಧ ಅಡಿ ಮಣ್ಣಿನಲ್ಲಿ ಹೂಳುವುದು ಲೇಸು. ಶೇಂಗಾ, ಕಡಲೆಗಳಿಗೆ ಇಷ್ಟು ಖರ್ಚು ಬೇಡ; ಮೊಳೆತ ಮೊದಲ ಮೂರು ವಾರ ಕಾವಲಿದ್ದರೆ ಬಹುಪಾಲು ಮೊಲದ ಕಾಟ ತಪ್ಪುತ್ತದೆ. ಹಳೆಯ ಸೀರೆಗಳನ್ನು ಸುತ್ತ ಕಟ್ಟುವ ವಾಡಿಕೆ ಹಂದಿಗೆ ಕೆಲವು ದಿನ ನಡೆಯುತ್ತದೆ, ಆಮೇಲೆ ಅದು ಅರಿತುಕೊಳ್ಳುತ್ತದೆ.

ಹಕ್ಕಿಗಳಿಗೆ ಕವಣೆಯನ್ನು ಮೀರಿದ ಸಾಧನವಿಲ್ಲ. ಪುಂಡಿನಾರಿನ ಎರಡು ಹುರಿ, ನಡುವೆ ಹೆಣೆದ ಅಂಗೈಯಗಲದ ಜೋಳಿಗೆ, ಒಂದು ಹುರಿಯ ತುದಿಯಲ್ಲಿ ಬೆರಳು ತೂರುವ ಕುಣಿಕೆ. ಅಡ್ಡಬಿಲ್ಲಿನ ಬೆಲೆಯ ನೂರರಲ್ಲೊಂದು ಪಾಲೂ ಇದಕ್ಕೆ ತಗಲುವುದಿಲ್ಲ. ಬಿಟ್ಟ ಹುರಿಯ ತುದಿಯಲ್ಲಿ ಸಡಿಲವಾದ ನಾರಿನ ಕುಚ್ಚನ್ನು ಉಳಿಸಿದರೆ ಬೀಸಿದಾಗ ಚಾವಟಿಯಂತೆ ಚಟೀರೆಂದು ಸಿಡಿಯುತ್ತದೆ. ಹಿಂಡು ಏಳುವುದು ಆ ಸದ್ದಿಗೇ ಹೊರತು ಕಲ್ಲಿಗಲ್ಲ. ಗಿಳಿ ಮುಂತಾದ ಹಕ್ಕಿಗಳಿಗೂ ಕಾಯಿದೆಯ ರಕ್ಷಣೆಯಿರುವುದರಿಂದ ಕಲ್ಲಿಗೆ ಬದಲು ಒಣಗಿಸಿದ ಮಣ್ಣುಂಡೆಯನ್ನು ಬಳಸಿ, ಹಿಂಡಿನ ಮೇಲಲ್ಲದೆ ಅದರ ಪಕ್ಕಕ್ಕೆ ಬೀಸತಕ್ಕದ್ದು. ಜೋಳದ ತೆನೆ ಹಾಲುಗಟ್ಟಿದಂದಿನಿಂದ ಕಾಳು ಬಲಿಯುವವರೆಗೆ, ಅಂದರೆ ಸೀತನಿ ಸುಡುವ ದಿನಗಳನ್ನು ಒಳಗೊಂಡು ಮೂರು ನಾಲ್ಕು ವಾರ, ಬೆಳಗಿನ ಎರಡು ತಾಸು ಮತ್ತು ಸಂಜೆಯ ಎರಡು ತಾಸು ಮಂಚಿಕೆಯ ಮೇಲೆ ಆಳಿರುವುದು ಅವಶ್ಯ. ನಡುಹಗಲಿನಲ್ಲಿ ಹಕ್ಕಿಗಳೂ ವಿಶ್ರಮಿಸುತ್ತವೆ.

ಒಬ್ಬನ ಹೊಲದಿಂದ ಎಬ್ಬಿಸಿದ ಹಿಂಡು ನೆರೆಯವನ ಹೊಲದಲ್ಲಿ ಇಳಿಯುವುದರಿಂದ ಒಂಟಿ ಕಾವಲು ಜಗಳಕ್ಕೆ ದಾರಿ. ಒಂದು ಮಡ್ಡಿಯ ಹೊಲದವರೆಲ್ಲ ಒಂದೇ ವಾರದಲ್ಲಿ ಬಿತ್ತುವಂತೆ ಮುಖಂಡರು ಒಪ್ಪಿಸಿದರೆ ತೆನೆಗಳು ಒಟ್ಟಿಗೆ ಬಲಿತು ಹಕ್ಕಿಯ ಹಾನಿ ಹಂಚಿಹೋಗುತ್ತದೆ; ಮಂಚಿಕೆಗಳಿಗೆ ಸರದಿಯನ್ನೂ ಗೊತ್ತುಮಾಡಬಹುದು.

ಇಷ್ಟಾದರೂ ಹಾನಿ ನಿಲ್ಲದಿದ್ದರೆ, ನಿಂತ ಬೆಳೆಗೆ ಅಪಾಯಕರವಾದ ಎರಡನೆಯ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ಲಿಖಿತ ಅಪ್ಪಣೆ ಕೊಡುವ ಅಧಿಕಾರವು 11ನೆಯ ಪ್ರಕರಣದ ಮೇರೆಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೂ ಅವರು ನೇಮಿಸಿದ ಅಧಿಕಾರಿಗೂ ಉಂಟು. ಆ ಅಪ್ಪಣೆಯಿಲ್ಲದೆ ಯಾರೂ ಕೈಯೆತ್ತಕೂಡದು. ಕಾಡುಹಂದಿಯಂತಹ ಪ್ರಾಣಿಗಳಿಂದಾದ ನಷ್ಟಕ್ಕೆ ಪರಿಹಾರವನ್ನು ಕೇಳುವವರು ಹಾನಿಯಾದ ಸಾಲುಗಳನ್ನು ಉತ್ತು ಅಳಿಸದೆ, ಹೆಜ್ಜೆಯ ಗುರುತು ಇರುವಾಗಲೇ ಫೋಟೋ ತೆಗೆಯಿಸಿ, ಪಹಣಿಯ ಪ್ರತಿಯೊಡನೆ ವಲಯ ಅರಣ್ಯಾಧಿಕಾರಿಗಳಿಗೆ ತಡಮಾಡದೆ ಅರ್ಜಿ ಕೊಟ್ಟು, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದಿಟ್ಟುಕೊಳ್ಳತಕ್ಕದ್ದು.