ರೀಸೆಟ್ ಬಟನ್ ಒತ್ತುವ ಮೊದಲು

ಮನೆಯ ವೈಫೈಗೆ ಯಾರೋ ನುಗ್ಗಿದ್ದಾರೆ ಎಂದರೆ ಹೆಚ್ಚಿನವರಿಗೆ ಹೊಳೆಯುವುದು ಡೇಟಾ ಖರ್ಚಾಯಿತು, ಸ್ಪೀಡ್ ಕಡಿಮೆಯಾಯಿತು ಎಂಬುದಷ್ಟೇ. ನಿಜವಾದ ನಷ್ಟ ಬೇರೆ ಕಡೆ ಇದೆ. ಆ ಸಂಪರ್ಕದಿಂದ ಹೊರಗೆ ಹೋದ ಪ್ರತಿ ಬೆದರಿಕೆ ಇಮೇಲ್‌ಗೂ ಪ್ರತಿ ಮೋಸದ ವ್ಯವಹಾರಕ್ಕೂ ಇಂಟರ್‌ನೆಟ್ ಕಂಪನಿಯ ದಾಖಲೆಯಲ್ಲಿ ಸಿಗುವ ಹೆಸರು ಒಂದೇ, ಅರ್ಜಿ ಫಾರಂಗೆ ಸಹಿ ಹಾಕಿದವರದು. ಪೊಲೀಸರು ಐಪಿ ವಿಳಾಸ ಕೊಟ್ಟು ವಿಚಾರಿಸಿದಾಗ ಕಂಪನಿ ತಿಳಿಸುವುದು ಸಂಪರ್ಕ ಯಾರ ಹೆಸರಿನಲ್ಲಿದೆ ಎಂದು ಮಾತ್ರ. ಆ ಹೊತ್ತಿಗೆ ಅದನ್ನು ಬಳಸುತ್ತಿದ್ದವರು ಯಾರು ಎಂಬುದು ಕಂಪನಿಗೂ ಗೊತ್ತಿರುವುದಿಲ್ಲ. ಈ ವ್ಯತ್ಯಾಸ ಕೋರ್ಟಿನ ವಾದದಲ್ಲಿ ಚೆನ್ನಾಗಿ ನಿಲ್ಲುತ್ತದೆ. ಠಾಣೆಯ ಮೇಜಿನ ಮುಂದೆ ಮಾತ್ರ ಯಾರಿಗೂ ನೆನಪಿಗೆ ಬರುವುದಿಲ್ಲ.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳಾಗುವುದಕ್ಕೆ ಕೆಲವೇ ನಿಮಿಷ ಮುಂಚೆ ಮಾಧ್ಯಮಗಳಿಗೆ ಒಂದು ಇಮೇಲ್ ಬಂತು. ಐಪಿ ವಿಳಾಸದ ಜಾಡು ಹಿಡಿದ ತನಿಖೆ ಹೋಗಿ ಮುಟ್ಟಿದ್ದು ನವಿ ಮುಂಬೈನ ಸಾನ್ಪಾಡಾದ ಒಂದು ಫ್ಲ್ಯಾಟನ್ನು. ಅಲ್ಲಿ ವಾಸವಿದ್ದ ಅಮೆರಿಕನ್ ಪ್ರಜೆಯ ವೈಫೈಗೆ ಭದ್ರತೆಯಿರಲಿಲ್ಲ, ಅದನ್ನು ಬಳಸಿದವರು ಬೇರೆಯವರು. ಆದರೂ ಜಪ್ತಿಯಾದದ್ದು ಮನೆಯವರ ಕಂಪ್ಯೂಟರ್‌ಗಳು, ವಿಚಾರಣೆಗೆ ಕೂರಬೇಕಾದದ್ದೂ ಮನೆಯವರೇ. ಅದೇ ವರ್ಷ ಸೆಪ್ಟೆಂಬರ್ 13ರ ದೆಹಲಿ ಸ್ಫೋಟದ ಇಮೇಲ್ ಮುಂಬೈ ಚೆಂಬೂರಿನ ಒಂದು ಖಾಸಗಿ ಕಂಪನಿಯ ವೈಫೈನಿಂದ ಹೊರಟಿತ್ತು. ಬೆಂಗಳೂರಿನ ಪ್ರಕರಣ ಇನ್ನೂ ಕಹಿ. 2007ರ ಆಗಸ್ಟ್ ಕೊನೆಯಲ್ಲಿ, ಆರ್ಕುಟ್ ಎಂಬ ಆಗಿನ ಸಾಮಾಜಿಕ ಜಾಲತಾಣದಲ್ಲಿ ಶಿವಾಜಿಯ ಅವಹೇಳನ ಮಾಡಿದ ಆರೋಪದ ಮೇಲೆ ಪುಣೆ ಪೊಲೀಸರು ಇಲ್ಲಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಬಂಧಿಸಿ ಕರೆದೊಯ್ದರು. ಇಂಟರ್‌ನೆಟ್ ಕಂಪನಿ ಕೊಟ್ಟ ಐಪಿ ವಿವರವೇ ತಪ್ಪಾಗಿತ್ತು. ಜೈಲಿನಿಂದ ಹೊರಬರಲು ಸುಮಾರು 50 ದಿನ ಹಿಡಿಯಿತು. ಅಲ್ಲಿ ಯಾರೂ ವೈಫೈ ಕದ್ದಿರಲಿಲ್ಲ. ದಾಖಲೆಯ ಒಂದು ತಪ್ಪೇ ಸಾಕಾಯಿತು.

ಇದಕ್ಕೆ ಬುದ್ಧಿವಂತರು ಒಂದು ಆಕ್ಷೇಪ ಎತ್ತುತ್ತಾರೆ: ವೈಫೈಯನ್ನು ಬೀಗವಿಲ್ಲದೆ ಬಿಟ್ಟರೇ ಒಳ್ಳೆಯದಲ್ಲವೇ, ಆಗ ‘ಯಾರು ಬೇಕಾದರೂ ಬಳಸಿರಬಹುದು’ ಎನ್ನಬಹುದಲ್ಲ? ಮನೆಯ ವೈಫೈಗೆ ಪಾಸ್‌ವರ್ಡ್ ಇಡದಿರುವುದೇ ಅಪರಾಧ ಎನ್ನುವ ಕಲಂ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯಲ್ಲಿ ಇಲ್ಲ ಎಂಬುದೂ ನಿಜ. ಆದರೆ ಆ ವಾದ ಉಪಯೋಗಕ್ಕೆ ಬರುವುದು ವಿಚಾರಣೆ ನಡೆಯುವ ಕಾಲಕ್ಕೆ, ಅಂದರೆ ವರ್ಷಗಳ ನಂತರ. ಲ್ಯಾಪ್‌ಟಾಪ್, ಮಕ್ಕಳ ಫೋನು, ರೂಟರ್ ಮನೆಯಿಂದ ಹೋಗುವುದು ಮೊದಲ ದಿನವೇ. ಇನ್ನೊಂದು ತೊಡಕೂ ಇದೆ. ಐಟಿ ಕಾಯ್ದೆಯ 43ನೇ ಕಲಂ ತಪ್ಪೆಂದು ಹೇಳುವುದು ಮಾಲೀಕರ ‘ಅನುಮತಿಯಿಲ್ಲದೆ’ ಜಾಲದೊಳಗೆ ಬರುವುದನ್ನು. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 66ನೇ ಕಲಂನಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಥವಾ ಎರಡೂ. ಬೀಗವಿಲ್ಲದ ಜಾಲಕ್ಕೆ ಬಂದವನು, ಅಥವಾ ಮನೆ ಮಾಲೀಕರು ಬಾಡಿಗೆದಾರರಿಗೆಲ್ಲ ಹಂಚಿದ ಪಾಸ್‌ವರ್ಡ್ ಹಿಡಿದು ಬಂದವನು ‘ಅನುಮತಿ ಇತ್ತು ಸ್ವಾಮಿ’ ಎಂದರೆ ದೂರಿನ ಬುಡವೇ ಅಲುಗುತ್ತದೆ. ಪಾಸ್‌ವರ್ಡ್ ಇಟ್ಟುಕೊಳ್ಳುವುದು ಕಾನೂನಿನ ಕಣ್ಣಿನಲ್ಲಿ ಅನುಮತಿ ಕೊಟ್ಟಿಲ್ಲ ಎನ್ನುವುದಕ್ಕೆ ಪುರಾವೆ. ಬಾಡಿಗೆದಾರರು, ಪಿಜಿಯವರು ತಮ್ಮ ಹೆಸರಿನಲ್ಲೇ ಬೇರೆ ಸಂಪರ್ಕ ತೆಗೆದುಕೊಳ್ಳಲಿ. ಅದು ಆಗದಿದ್ದರೆ ಗೆಸ್ಟ್ ನೆಟ್‌ವರ್ಕ್ ಕೊಡಿ, ಯಾರಿಗೆ ಯಾವಾಗ ಕೊಟ್ಟಿರಿ ಎಂದು ಬರೆದಿಡಿ.

ಬೀಗ ಹಾಕುವ ಕೆಲಸ ಅರ್ಧ ಗಂಟೆಯದು. ಕನೆಕ್ಷನ್ ಕೊಡಲು ಬಂದ ಹುಡುಗ ನಿಮ್ಮ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗಿರುತ್ತಾನೆ. ಬೀದಿಯಲ್ಲಿ ನಿಮ್ಮ ನಂಬರ್ ಗೊತ್ತಿರುವವರೆಲ್ಲ ಒಳಗೆ ಬಂದಂತೆಯೇ. ಅದನ್ನು ಬದಲಿಸಿ. ರೂಟರ್‌ನ ಸೆಟ್ಟಿಂಗ್ಸ್‌ಗೆ ಹೋಗುವ ಪಾಸ್‌ವರ್ಡ್ ಬೇರೆಯೇ ಇರುತ್ತದೆ, ಬಹಳ ಕಡೆ ಅದು ‘ಅಡ್ಮಿನ್’ ಎಂದೇ ಉಳಿದಿರುತ್ತದೆ, ಅದನ್ನೂ ಬದಲಿಸಿ. ಭದ್ರತೆಯ ಬಗೆಯಾಗಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. ಡಬ್ಲ್ಯುಪಿಎಸ್ ಎಂಬ ಸುಲಭ ಜೋಡಣೆಯ ಸೌಲಭ್ಯದ ಪಿನ್ ಮುರಿಯಬಹುದೆಂದು 2011ರಲ್ಲೇ ಬಯಲಾಗಿದೆ, ಅದನ್ನು ಆಫ್ ಮಾಡಿ. ಆದರೆ ಯಾರೋ ಈಗಾಗಲೇ ಒಳಗೆ ಬಂದಿದ್ದಾರೆ ಎಂಬ ಗುಮಾನಿ ಇದ್ದರೆ ಇದರಲ್ಲಿ ಯಾವುದನ್ನೂ ಮೊದಲು ಮಾಡಬೇಡಿ.

ಜನ ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಗುಮಾನಿ ಬಂದ ಕೂಡಲೇ, ಅಥವಾ ಠಾಣೆಯಿಂದ ಫೋನ್ ಬಂದ ಕೂಡಲೇ ಲೋಕಲ್ ಕೇಬಲ್‌ನವನು ಕೊಡುವ ಸಲಹೆ ಒಂದೇ: ‘ರೀಸೆಟ್ ಮಾಡಿಬಿಡಿ ಸಾರ್, ಎಲ್ಲ ಕ್ಲೀನ್ ಆಗುತ್ತೆ.’ ಕ್ಲೀನ್ ಆಗುವುದು ನಿಮ್ಮ ಪರವಾದ ಸಾಕ್ಷ್ಯ. ಅಪರಿಚಿತ ಫೋನೊಂದು ನಿಮ್ಮ ಜಾಲದಲ್ಲಿ ಸೇರಿತ್ತು ಎಂದು ತೋರಿಸುವ ದಾಖಲೆ ಇರುವುದು ಆ ರೂಟರ್‌ನಲ್ಲಿ. ಅನೇಕ ಮಾದರಿಗಳಲ್ಲಿ ಪ್ಲಗ್ ಕಿತ್ತರೂ ಆ ಲಾಗ್ ಅಳಿಸಿಹೋಗುತ್ತದೆ. ಅಳಿಸಿದ ಮೇಲೆ, ಸಾಕ್ಷ್ಯನಾಶಕ್ಕೆ ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆಯ 238ನೇ ಕಲಂ ನಿಮ್ಮ ಕಡೆ ತಿರುಗಬಹುದು. ಅಪರಾಧಿಯನ್ನು ಉಳಿಸುವ ಉದ್ದೇಶ ಸಾಬೀತಾಗದೆ ಅದು ನಿಲ್ಲುವುದಿಲ್ಲ, ನಿಜ. ಆದರೆ ಹೆದರಿಸಲು ಸಾಬೀತಾಗಬೇಕಿಲ್ಲವಲ್ಲ. ಆದ್ದರಿಂದ ಮೊದಲು, ರೂಟರ್‌ಗೆ ಸೇರಿರುವ ಸಾಧನಗಳ ಪಟ್ಟಿ, ಅವುಗಳ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ), ಲಾಗ್ ಎಲ್ಲದರ ಫೋಟೊ ತೆಗೆಯಿರಿ. ಪಕ್ಕದಲ್ಲಿ ಸರಿಯಾದ ಸಮಯ ತೋರಿಸುವ ಫೋನ್ ಅಥವಾ ಗಡಿಯಾರ ಇರಲಿ, ಏಕೆಂದರೆ ರೂಟರ್‌ನ ಗಡಿಯಾರ ಕೆಲವೊಮ್ಮೆ 1970ರ ಜನವರಿಯಲ್ಲೇ ನಿಂತಿರುತ್ತದೆ. ಒಂದೇ ಐಪಿ ವಿಳಾಸವನ್ನು ಕಂಪನಿಗಳು ಹಲವು ಮನೆಗಳಿಗೆ ಹಂಚುವ ಈ ಕಾಲದಲ್ಲಿ ನಿಖರ ಸಮಯ, ಪೋರ್ಟ್ ಸಂಖ್ಯೆ ಇಲ್ಲದೆ ಮನೆ ಗುರುತಿಸುವುದೇ ಕಷ್ಟ. ಮೂಲ ಫೋಟೊ ಇರುವ ಫೋನನ್ನು ಮಾರಬೇಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿ ಮೂಲವಲ್ಲ, ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಕೊಡುವಾಗ ಮೂಲ ಬೇಕಾಗುತ್ತದೆ. ಆಮೇಲೆ ಕಂಪನಿಗೆ ಇಮೇಲ್ ಮಾಡಿ, ಇಂಥ ದಿನ ಇಂಥ ಹೊತ್ತಿನ ದಾಖಲೆ ಅಳಿಸದೆ ಕಾಪಾಡಿ ಎಂದು ಕೇಳಿ. ಅವರು ದಾಖಲೆಯನ್ನು ನಿಮಗೆ ಕೊಡಲಿಕ್ಕಿಲ್ಲ, ಆದರೆ ನೀವು ಕೇಳಿದ್ದಕ್ಕೆ ದೂರಿನ ಸಂಖ್ಯೆ ಉಳಿಯುತ್ತದೆ. ಪಾಸ್‌ವರ್ಡ್ ಬದಲಿಸುವುದು ಇವೆಲ್ಲ ಆದ ನಂತರ.

ದೂರು ಕೊಡಲು ಹೋದರೆ ಸ್ಥಳೀಯ ಠಾಣೆ ‘ಸೈಬರ್ ಠಾಣೆಗೆ ಹೋಗಿ’ ಎನ್ನುತ್ತದೆ, ಸೈಬರ್ ಠಾಣೆ ‘ಹಣ ಹೋಗಿದೆಯಾ? ಇಲ್ಲವಲ್ಲ, ಅರ್ಜಿ ಕೊಟ್ಟು ಹೋಗಿ’ ಎನ್ನುತ್ತದೆ. ಇದು ಸೋಮಾರಿತನ, ಕಾನೂನಲ್ಲ. ಐಟಿ ಕಾಯ್ದೆಯ 66ನೇ ಕಲಂನದು ಸಂಜ್ಞೇಯ ಅಪರಾಧ. ವ್ಯಾಪ್ತಿ ಯಾವುದೇ ಇರಲಿ ದೂರು ದಾಖಲಿಸಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಇದಕ್ಕೊಂದು ವಿನಾಯಿತಿ: ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಹಾಗಿದ್ದರೆ ಅದನ್ನೇ ಬರೆದು ಹಿಂಬರಹ ಕೊಡಿ ಎಂದು ಕೇಳಿ. ನಿರಾಕರಿಸಿದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ಪಕ್ಕದ ಮನೆಯ ಹುಡುಗ ಕ್ರಿಕೆಟ್ ನೋಡಿದ್ದಕ್ಕೆ ಇಷ್ಟೆಲ್ಲ ಬೇಡ, ಪಾಸ್‌ವರ್ಡ್ ಬದಲಿಸಿದರೆ ಸಾಕು.

ನೋಟಿಸೇ ನಿಮ್ಮ ಮನೆಗೆ ಬಂದರೆ ಮೊದಲು ನೋಡಬೇಕಾದದ್ದು ಕಲಂ ಸಂಖ್ಯೆ. ನಾಗರಿಕ ಸುರಕ್ಷಾ ಸಂಹಿತೆಯ 179 ಎಂದಿದ್ದರೆ ನೀವು ಸಾಕ್ಷಿ. ಸಂಪರ್ಕ ತಾಯಿಯ ಹೆಸರಿನಲ್ಲೋ 60 ದಾಟಿದ ತಂದೆಯ ಹೆಸರಿನಲ್ಲೋ ಇದ್ದರೆ ಅವರನ್ನು ಠಾಣೆಗೆ ಕರೆಸುವಂತಿಲ್ಲ, ಮನೆಗೇ ಬಂದು ಕೇಳಬೇಕು. 35(3) ಎಂದಿದ್ದರೆ ನಿಮ್ಮ ಮೇಲೇ ಸಂಶಯವಿದೆ. ತಪ್ಪದೆ ಹಾಜರಾಗಿ, ವಕೀಲರೊಡನೆ ಮಾತಾಡದೆ ಹೇಳಿಕೆ ಕೊಡಬೇಡಿ. ಈ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ದಾಖಲೆ ಹಾಜರುಪಡಿಸಿ ಎನ್ನುವ 94ನೇ ಕಲಂನ ಆದೇಶ ಮಾತ್ರ ಎಲೆಕ್ಟ್ರಾನಿಕ್ ರೂಪದಲ್ಲಿ ಬರಬಹುದು, ಅದನ್ನು ಕಡೆಗಣಿಸಬೇಡಿ. ರೂಟರ್ ಒಯ್ಯುವುದಾದರೆ ಸೀರಿಯಲ್ ನಂಬರ್ ಬರೆದ ಮಹಜರು ಆಗಬೇಕು, 105ನೇ ಕಲಂನಂತೆ ವಿಡಿಯೊ ಚಿತ್ರೀಕರಣ ಆಗಬೇಕು. ‘ನೋಡಿ ವಾಪಸ್ ಕೊಡ್ತೀವಿ’ ಎಂದು ಕೈಯಲ್ಲಿ ಹಿಡಿದುಕೊಂಡು ಹೋಗುವ ಪೇದೆಗೆ ರಸೀದಿ ಇಲ್ಲದೆ ಏನನ್ನೂ ಕೊಡಬೇಡಿ.

ಈ ಭಯವನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ‘ನಿಮ್ಮ ವೈಫೈನಿಂದ ಅಶ್ಲೀಲ ವಿಡಿಯೊ ಹೋಗಿದೆ, ಡಿಜಿಟಲ್ ಅರೆಸ್ಟ್ ಆಗಿದ್ದೀರಿ’ ಎಂದು ಸಮವಸ್ತ್ರದಲ್ಲಿ ವಿಡಿಯೊ ಕರೆ ಮಾಡುವವರು, ‘ಕೇಸ್ ಸೆಟ್ಲ್ ಮಾಡಿಸ್ತೀನಿ’ ಎನ್ನುವ ದಲ್ಲಾಳಿಗಳು. ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಫೋನ್ ಇಟ್ಟುಬಿಡಿ. ಹಣ ಹಾಕಿಬಿಟ್ಟಿದ್ದರೆ ಅದೇ ಗಳಿಗೆಯಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.