ಮೂವತ್ತೆರಡು ಷೇರುಗಳ ಕುದುರೆ

ಷೇರು ಬಂಡವಾಳದ ಪಾಠ ನಡೆಯುತ್ತಿದ್ದ ದಿನ ನಮ್ಮ ಲೆಕ್ಕಶಾಸ್ತ್ರದ ಮ್ಯಾಡಮ್ ಒಂದು ಪ್ರಶ್ನೆ ಕೇಳಿದರು: "ಕಂಪನಿಯನ್ನು ಷೇರುಗಳಾಗಿ ಭಾಗ ಮಾಡಬಹುದು. ಬದುಕಿರುವ ಒಂದು ಪ್ರಾಣಿಯನ್ನು ಮಾಡಬಹುದೇ?" ತರಗತಿಯಲ್ಲಿ ಎಲ್ಲರೂ ನಕ್ಕೆವು. ಮಾಡಬಹುದು, ಮಾಡಿದ್ದಾರೆ. ಆ ಪ್ರಾಣಿಯ ಹೆಸರು ಸೆಕ್ರೆಟೇರಿಯಟ್.

ಈ ಲೇಖನದ ವಿಷಯ ಕೇಳಿ ಅಬ್ಬಾ ಹುಬ್ಬೇರಿಸಿದರು. ನಮ್ಮ ಮನೆಯಲ್ಲಿ ರೇಸ್ ಎಂದರೆ ಜೂಜು, ಜೂಜು ಎಂದರೆ ಹರಾಮ್, ಅಲ್ಲಿಗೆ ಮಾತು ಮುಗಿಯಿತು. ಬಾಜಿಯ ಬಗ್ಗೆ ಅಲ್ಲ, ಕುದುರೆಯ ಬಗ್ಗೆ ಮತ್ತು ಅದರ ಲೆಕ್ಕದ ಬಗ್ಗೆ ಬರೆಯುತ್ತಿದ್ದೇನೆ ಎಂದ ಮೇಲೆ ಸುಮ್ಮನಾದರು.

ಥರೋಬ್ರೆಡ್ ಎನ್ನುವುದು ಓಟಕ್ಕೆಂದೇ ಇಂಗ್ಲೆಂಡಿನಲ್ಲಿ ಬೆಳೆಸಿದ ಕುದುರೆ ತಳಿ. ಇಂದಿನ ಎಲ್ಲ ಥರೋಬ್ರೆಡ್‌ಗಳ ಗಂಡು ವಂಶವೂ ಪೂರ್ವ ದೇಶಗಳಿಂದ ತಂದ ಮೂರು ಕುದುರೆಗಳಿಗೆ ಹೋಗಿ ಸೇರುತ್ತದೆ. ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್, ಬಯರ್ಲಿ ಟರ್ಕ್ ಎಂದು ಅವುಗಳ ಹೆಸರು.

ಸೆಕ್ರೆಟೇರಿಯಟ್ ಹುಟ್ಟಿದ್ದು 1970ರ ಮಾರ್ಚ್ 30ರಂದು, ಅಮೆರಿಕದ ವರ್ಜೀನಿಯಾದಲ್ಲಿ, ಚೆನರಿ ಕುಟುಂಬದ ಫಾರಂನಲ್ಲಿ. ಕೆಂಗಂದು ಬಣ್ಣದ ಗಂಡು ಮರಿ. ಅದು ಆ ಕುಟುಂಬಕ್ಕೆ ಸಿಕ್ಕಿದ್ದೇ ಒಂದು ನಾಣ್ಯ ಚಿಮ್ಮಿದ್ದರಿಂದ. ತಂದೆ ಕುದುರೆ ಬೋಲ್ಡ್ ರೂಲರ್‌ನ ಮಾಲೀಕ ಆಗ್ಡನ್ ಫಿಪ್ಸ್, ಶುಲ್ಕದ ಬದಲು ಹುಟ್ಟುವ ಮರಿಗಳನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಿದ್ದರು. ಟಾಸ್ ಗೆದ್ದ ಫಿಪ್ಸ್ ಮೊದಲು ಆರಿಸಿಕೊಂಡರು. ಸೋತ ಪೆನ್ನಿ ಚೆನರಿ ಅವರಿಗೆ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದ ಮರಿ ಉಳಿಯಿತು.

1972ರ ಜುಲೈ 4ರಂದು ಮೊದಲ ಓಟ. ಆರಂಭದಲ್ಲೇ ಇನ್ನೊಂದು ಕುದುರೆ ಢಿಕ್ಕಿ ಹೊಡೆದು ನಾಲ್ಕನೆಯ ಸ್ಥಾನ ಬಂತು. ಆದರೆ ಆ ವರ್ಷ ಮುಗಿಯುವಷ್ಟರಲ್ಲಿ ಎರಡೇ ವರ್ಷದ ಆ ಕುದುರೆ ಅಮೆರಿಕದ ವರ್ಷದ ಕುದುರೆ ಎನಿಸಿಕೊಂಡಿತ್ತು. ಅಷ್ಟು ಚಿಕ್ಕ ವಯಸ್ಸಿಗೆ ಆ ಗೌರವ ಅಪರೂಪ.

ವಾಣಿಜ್ಯ ವಿದ್ಯಾರ್ಥಿಗಳು ಗಮನ ಕೊಡಬೇಕಾದ ಭಾಗ ಇಲ್ಲಿಂದ ಶುರು. 1973ರ ಜನವರಿಯಲ್ಲಿ ಪೆನ್ನಿಯವರ ತಂದೆ ತೀರಿಕೊಂಡರು. ಆಸ್ತಿಯ ಮೇಲೆ ದೊಡ್ಡ ಮೊತ್ತದ ತೆರಿಗೆ ಬಂತು. ಕೈಯಲ್ಲಿ ಆಸ್ತಿ ಇದೆ, ನಗದು ಇಲ್ಲ. ಆಗ ಕೆಂಟುಕಿಯ ಕ್ಲೇಬರ್ನ್ ಫಾರಂನ ಸೆತ್ ಹ್ಯಾಂಕಾಕ್, ವಯಸ್ಸು ಕೇವಲ 23, ಕುದುರೆಯನ್ನು 32 ಷೇರುಗಳಾಗಿ ಮಾರಲು ಮುಂದೆ ಬಂದರು. ಷೇರಿಗೆ 1,90,000 ಡಾಲರ್; ಒಟ್ಟು 60,80,000 ಡಾಲರ್. ಆ ಕಾಲಕ್ಕೆ ಅದು ದಾಖಲೆ. ಷೇರುದಾರನಿಗೆ ಸಿಗುವುದು ಲಾಭಾಂಶವಲ್ಲ, ಪ್ರತಿ ವರ್ಷ ತನ್ನ ಒಂದು ಹೆಣ್ಣು ಕುದುರೆಗೆ ಸೆಕ್ರೆಟೇರಿಯಟ್‌ನಿಂದ ಮರಿ ಪಡೆಯುವ ಹಕ್ಕು. ಜೊತೆಗೆ ಒಂದು ಷರತ್ತು: 1973ರ ನಂತರ ಅದನ್ನು ಓಡಿಸುವಂತಿಲ್ಲ.

ತಾರೀಖು ನೋಡಿ. ಇದು ಫೆಬ್ರವರಿಯ ವ್ಯವಹಾರ. ದೊಡ್ಡ ಓಟಗಳು ಇನ್ನೂ ಒಂದೂ ನಡೆದಿರಲಿಲ್ಲ. ಏಪ್ರಿಲ್‌ನಲ್ಲಿ ವುಡ್ ಮೆಮೋರಿಯಲ್ ಓಟದಲ್ಲಿ ಸೆಕ್ರೆಟೇರಿಯಟ್ ಮೂರನೆಯದಾಗಿ ಬಂತು. ಬಾಯೊಳಗೆ ಕೀವುಗಟ್ಟಿದ ಹುಣ್ಣಾಗಿತ್ತು ಎಂಬ ಕಾರಣ ಇತ್ತು. ಆದರೂ ಅಷ್ಟು ಹಣ ಸುರಿದ ಷೇರುದಾರರಿಗೆ ಆ ರಾತ್ರಿ ನಿದ್ದೆ ಬಂದಿರಲಾರದು ಎಂದು ನನ್ನ ಊಹೆ.

ಎರಡು ವಾರದ ನಂತರ, ಮೇ 5ರಂದು, ಕೆಂಟುಕಿ ಡರ್ಬಿ. ಒಂದೂಕಾಲು ಮೈಲಿ. ಯಾವ ಕುದುರೆಯೇ ಆಗಲಿ ಕೊನೆಕೊನೆಗೆ ದಣಿಯುತ್ತದೆ, ವೇಗ ಇಳಿಯುತ್ತದೆ. ಸೆಕ್ರೆಟೇರಿಯಟ್ ಪ್ರತಿ ಕಾಲು ಮೈಲಿಯನ್ನೂ ಹಿಂದಿನದಕ್ಕಿಂತ ಬೇಗ ಓಡಿತು. ಸಮಯ 1 ನಿಮಿಷ 59.4 ಸೆಕೆಂಡ್. ಡರ್ಬಿಯಲ್ಲಿ ಎರಡು ನಿಮಿಷದೊಳಗೆ ಓಡಿದ ಮೊದಲ ಕುದುರೆ ಅದು. ಮೇ 19ರ ಪ್ರೀಕ್‌ನೆಸ್‌ನಲ್ಲಿ ಎಲ್ಲರಿಗಿಂತ ಹಿಂದಿದ್ದದ್ದು ಮೊದಲ ತಿರುವಿನಲ್ಲೇ ಒಂದೊಂದನ್ನೂ ದಾಟಿ ಮುಂದೆ ಬಂದು ಗೆದ್ದಿತು. ಅಂದು ಗಡಿಯಾರ ಸರಿಯಾಗಿ ಕೆಲಸ ಮಾಡಿರಲಿಲ್ಲ. ಸಮಯವನ್ನು 1 ನಿಮಿಷ 53 ಸೆಕೆಂಡ್ ಎಂದು ತಿದ್ದಿದ್ದು 2012ರಲ್ಲಿ!

ಈ ಎರಡೂ ಓಟಗಳಲ್ಲಿ ಎರಡನೆಯ ಸ್ಥಾನ ಶಾಮ್ ಎಂಬ ಕುದುರೆಗೆ. ನಮ್ಮ ಮನೆಮಾತಿನಲ್ಲಿ ಶಾಮ್ ಎಂದರೆ ಸಂಜೆ. ಡರ್ಬಿಯ ಆರಂಭದಲ್ಲಿ ಗೇಟಿಗೆ ತಲೆ ಬಡಿದು ಅದರ ಎರಡು ಹಲ್ಲು ಹೋಗಿದ್ದವು, ಆದರೂ ಓಡಿತು. ಬೇರೆ ಯಾವುದಾದರೂ ವರ್ಷ ಹುಟ್ಟಿದ್ದರೆ ಅದೇ ಚಾಂಪಿಯನ್ ಆಗುತ್ತಿತ್ತೇನೋ.

ಜೂನ್ 9ರಂದು ನ್ಯೂಯಾರ್ಕಿನಲ್ಲಿ ಬೆಲ್ಮಾಂಟ್ ಓಟ. ಮೂರನ್ನೂ ಗೆದ್ದರೆ ತ್ರಿವಳಿ ಕಿರೀಟ. 1948ರಿಂದ 25 ವರ್ಷ ಯಾವ ಕುದುರೆಗೂ ಅದು ಸಿಕ್ಕಿರಲಿಲ್ಲ. ದೂರ ಒಂದೂವರೆ ಮೈಲಿ, ಓಡಿದ್ದು ಐದೇ ಕುದುರೆ. ಅರ್ಧ ದೂರ ಶಾಮ್ ಪಕ್ಕಕ್ಕೆ ಪಕ್ಕ ಬಂತು, ನಂತರ ಸೋತು ಕೊನೆಗೆ ಬಿತ್ತು. ಆಮೇಲೆ ಸೆಕ್ರೆಟೇರಿಯಟ್ ಓಡಿದ್ದು ಒಂಟಿಯಾಗಿ. ಜಾಕಿ ರಾನ್ ಟರ್ಕಾಟ್ ಕೊನೆಯಲ್ಲಿ ತಲೆ ತಿರುಗಿಸಿ ಸಮಯದ ಫಲಕ ನೋಡುತ್ತಿರುವ ಫೋಟೋ ಪ್ರಸಿದ್ಧ. ನೋಡಲು ಬೇರೇನೂ ಹತ್ತಿರದಲ್ಲಿರಲಿಲ್ಲ. ಅಂತರ 31 ಕುದುರೆಯಳತೆ, ಅಂದರೆ ಸುಮಾರು 75 ಮೀಟರ್. ಸಮಯ 2 ನಿಮಿಷ 24 ಸೆಕೆಂಡ್. ಐವತ್ತು ವರ್ಷ ದಾಟಿದರೂ ಮೂರೂ ಓಟಗಳ ದಾಖಲೆ ಅದರ ಹೆಸರಿನಲ್ಲೇ ಇದೆ.

ಬಾಜಿಯ ಮಾತು ಬೇಡ ಎಂದಿದ್ದೆ, ಆದರೆ ಇದೊಂದನ್ನು ಬಿಡಲಾಗಲಿಲ್ಲ. ಅಂದು 2 ಡಾಲರಿನ ಗೆದ್ದ ಟಿಕೆಟ್‌ಗೆ ಸಿಗುತ್ತಿದ್ದದ್ದು 2 ಡಾಲರ್ 20 ಸೆಂಟ್. 5,617 ಟಿಕೆಟ್‌ಗಳಿಗೆ ಯಾರೂ ಹಣ ಕೇಳಲು ಬರಲಿಲ್ಲ. ಆ ಕಾಗದವನ್ನು ನೆನಪಿಗೆಂದು ಮನೆಯಲ್ಲಿ ಇಟ್ಟುಕೊಂಡರು.

ಗೆಲುವೇ ಎಲ್ಲ ಕಡೆ ಎಂದುಕೊಳ್ಳಬೇಡಿ. ಆಗಸ್ಟ್‌ನಲ್ಲಿ ಸಾರಟೋಗಾದಲ್ಲಿ ಅದು ಆನಿಯನ್ ಎಂಬ ಕುದುರೆಗೆ ಸೋತಿತು. ಹೌದು, ಈರುಳ್ಳಿಗೇ! ಸೆಪ್ಟೆಂಬರ್‌ನಲ್ಲಿ ಪ್ರೂವ್ ಔಟ್‌ಗೆ. ಸೋಲಿಸಿದ ಎರಡೂ ಕುದುರೆಗಳ ತರಬೇತುದಾರ ಒಬ್ಬರೇ, ಆಲನ್ ಜರ್ಕೆನ್ಸ್. ನಂತರ ಹುಲ್ಲಿನ ಮೇಲೆ ಎರಡು ಓಟ ಗೆದ್ದು, ಅಕ್ಟೋಬರ್ 28ರಂದು ಕೆನಡಾದಲ್ಲಿ ಕೊನೆಯ ಓಟ ಮುಗಿಸಿತು. ಒಟ್ಟು 21 ಓಟ, 16 ಗೆಲುವು, 13,16,808 ಡಾಲರ್ ಬಹುಮಾನ.

ಷೇರುಗಳ ಬೆಲೆ ಇದರ ನಾಲ್ಕೂವರೆ ಪಟ್ಟಿಗಿಂತ ಹೆಚ್ಚು. ಕೊಂಡವರು ಓಟವನ್ನು ಕೊಳ್ಳಲಿಲ್ಲ, ಮುಂದೆ ಹುಟ್ಟುವ ಮರಿಗಳನ್ನು ಕೊಂಡರು. ಕುದುರೆ ನಾಲ್ಕು, ಐದು ವರ್ಷಕ್ಕೆ ಇನ್ನೂ ಬಲಿಯುತ್ತದೆ. 1974ರಲ್ಲಿ ಅದು ಹೇಗೆ ಓಡುತ್ತಿತ್ತೋ ನೋಡುವ ಅವಕಾಶವನ್ನು ಷರತ್ತು ಕಿತ್ತುಕೊಂಡಿತು. ಪೆನ್ನಿಯವರನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ, ತೆರಿಗೆ ಕಟ್ಟದಿದ್ದರೆ ಫಾರಂ ಉಳಿಯುತ್ತಿರಲಿಲ್ಲ. ಆದರೂ ಬೇಸರವಾಗುತ್ತದೆ. ಇನ್ನು ಮರಿಗಳು? ರೈಸನ್ ಸ್ಟಾರ್, ಲೇಡೀಸ್ ಸೀಕ್ರೆಟ್ ಹೆಸರು ಮಾಡಿದವು, ಆದರೆ ತಂದೆಯಂಥದ್ದು ಒಂದೂ ಬರಲಿಲ್ಲ. ಹೆಚ್ಚು ಲಾಭ ಬಂದದ್ದು ಹೆಣ್ಣುಮಕ್ಕಳ ಕಡೆಯಿಂದ: ಸ್ಟಾರ್ಮ್ ಕ್ಯಾಟ್, ಎ.ಪಿ. ಇಂಡಿ ಎಂಬ ಹೆಸರಾಂತ ಕುದುರೆಗಳು ಸೆಕ್ರೆಟೇರಿಯಟ್‌ನ ಮಗಳ ಮಕ್ಕಳು.

1989ರ ಅಕ್ಟೋಬರ್ 4ರಂದು, ಗೊರಸಿನ ವಾಸಿಯಾಗದ ನೋವಿನ ಕಾಯಿಲೆಯಿಂದಾಗಿ ಅದಕ್ಕೆ ದಯಾಮರಣ ಕೊಟ್ಟರು. ಪರೀಕ್ಷೆ ಮಾಡಿದ ವೈದ್ಯರು ಅದರ ಹೃದಯ ನೋಡಿ ಬೆರಗಾದರು. ಸುಮಾರು ಹತ್ತು ಕಿಲೋ, ಮಾಮೂಲಿ ಕುದುರೆಯದರ ಎರಡರಷ್ಟಕ್ಕಿಂತ ಹೆಚ್ಚು ಇರಬಹುದು ಎಂದು ಅಂದಾಜಿಸಿದರು, ತೂಕ ಹಾಕಲಿಲ್ಲ. ರೇಸ್ ಕುದುರೆ ಸತ್ತಾಗ ಅಲ್ಲಿ ಸಾಮಾನ್ಯವಾಗಿ ತಲೆ, ಹೃದಯ, ಗೊರಸು ಮಾತ್ರ ಹೂಳುತ್ತಾರೆ. ಸೆಕ್ರೆಟೇರಿಯಟ್‌ನನ್ನು ಕ್ಲೇಬರ್ನ್‌ನಲ್ಲಿ ಇಡಿಯಾಗಿ ಹೂಳಿದರು.