ಹಿತ್ತಲಿಗೊಂದು ಹೇರಳೆ

ಹಿತ್ತಲಲ್ಲಿ ಚೆನ್ನಾಗಿ ಬಿಸಿಲು ಬೀಳುವ ಮೂಲೆಯೊಂದಿದ್ದರೆ ಹೇರಳೆ ಗಿಡ ಹಾಕಿ. ನಿಂಬೆಯಂತೆ ಇದು ಬೇಕೆಂದಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಬೀಜದಿಂದ ಎಬ್ಬಿಸಿದ ಸಸಿ ಕಾಯಿ ಬಿಡಲು ಐದಾರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಿಸುತ್ತದೆ; ಕಸಿ ಗಿಡ ಸಿಕ್ಕರೆ ಅದನ್ನೇ ತನ್ನಿ. ಕಸಿಯ ಗಂಟು ಮಣ್ಣಿನ ಮೇಲಿರಲಿ, ಅದರ ಕೆಳಗೆ ಚಿಗುರಿದ್ದನ್ನು ಕಂಡ ಕೂಡಲೇ ಚಿವುಟಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಪಾತ್ರೆ ತೊಳೆದ ನೀರನ್ನೆಲ್ಲ ಅದಕ್ಕೇ ಬಿಡುವ ನಮ್ಮ ಅಭ್ಯಾಸ ಇಲ್ಲಿ ಬೇಡ. ಮುಳ್ಳಿನ ಗಿಡ, ಮಕ್ಕಳು ಓಡಾಡುವ ದಾರಿಯಿಂದ ದೂರವಿರಲಿ.

ಎಳೆ ಎಲೆಯ ಮೇಲೆ ಹಕ್ಕಿಹಿಕ್ಕೆಯಂಥ ಹುಳು ಕಂಡರೆ ಔಷಧಿ ಹುಡುಕಬೇಡಿ, ಅದು ಚಿಟ್ಟೆಯ ಮರಿ. ಗಿಡ ಸಣ್ಣದಿದ್ದರೆ ಕೈಯಿಂದ ತೆಗೆಯಿರಿ, ದೊಡ್ಡದಾದರೆ ತಿನ್ನಲಿ ಬಿಡಿ.

ಚಿತ್ರಾನ್ನಕ್ಕೆ ರಸ ಹಿಂಡುವಾಗ ಕೈ ಹಗುರವಿರಲಿ. ಸಿಪ್ಪೆ, ಬೀಜ ನಜ್ಜಾದರೆ ಕಹಿ ಇಳಿಯುತ್ತದೆ. ಒಗ್ಗರಣೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ರಸ ಬೆರೆಸಿ. ಕುದಿಸಿದರೆ ಘಮವೂ ಹೋಯಿತು, ಕಹಿಯೂ ಬಂತು. ಉಪ್ಪಿನಕಾಯಿಗೆ ಮಾತ್ರ ಸಿಪ್ಪೆ ಬೇಕೇ ಬೇಕು. ಹೋಳು ಮಾಡಿ, ಕಲ್ಲುಪ್ಪಿನಲ್ಲಿ ಸಿಪ್ಪೆ ಮೆತ್ತಗಾಗುವವರೆಗೆ ಬಿಟ್ಟು, ಆಮೇಲೆ ಖಾರ, ಬೆಲ್ಲ ಸೇರಿಸಿ. ಬೆಲ್ಲ ಹಾಕದ ಹೇರಳೆ ಉಪ್ಪಿನಕಾಯಿ ನನಗಂತೂ ಅರ್ಧ ಉಪ್ಪಿನಕಾಯಿ!

ಒಂದು ಎಚ್ಚರಿಕೆ. ಹೇರಳೆಯಂಥ ಕಹಿ ಕಿತ್ತಳೆ ಜಾತಿಯ ಹಣ್ಣಿನ ರಸ ರಕ್ತದೊತ್ತಡ, ಕೊಲೆಸ್ಟ್ರಾಲ್‌ನ ಕೆಲವು ಮಾತ್ರೆಗಳ ಪರಿಣಾಮವನ್ನು ಹೆಚ್ಚಿಸಬಲ್ಲದು. ಅಂಥ ಮಾತ್ರೆ ತೆಗೆದುಕೊಳ್ಳುವವರು ದಿನವೂ ಪಾನಕ ಮಾಡಿ ಕುಡಿಯುವ ಮೊದಲು ವೈದ್ಯರನ್ನು ಕೇಳಿ.